ಅತ್ತೂರಿನ ಸಂತ ಲಾರೆನ್ಸರಿಗೆ ಅಪ್ಪ ಹೇಳಿದ್ದ ಹರಕೆ: ಬಲ್ಲವರು ದಾರಿ ತಿಳಿಸಿ

ಮಲೆನಾಡಿನ ಮಗಳು ಕೇಳುತ್ತಾರೆ:

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಸೀಮೆ. ಅಪ್ಪ ಆಗುಂಬೆ ಘಾಟಿಯಲ್ಲಿ ಮಿನಿ ಬಸ್ಸಿನ ಚಾಲಕರಾಗಿದ್ದರು. ಸೋಮೇಶ್ವರ, ಹೆಬ್ರಿ, ಕಾರ್ಕಳದ ದಾರಿ ಅವರಿಗೆ ಮನೆಯಂಗಳ. ನನ್ನ ತಮ್ಮ ಮಗುವಾಗಿದ್ದಾಗ ಅವನಿಗೆ ಪದೇ ಪದೇ ಜ್ವರ ಏರಿ ಮೈ ಸೆಟೆದುಕೊಳ್ಳುತ್ತಿತ್ತು. ಆಗ ಕಾರ್ಕಳದ ಬಸ್ ನಿಲ್ದಾಣದಲ್ಲಿ ಯಾರೋ ಅಪ್ಪನಿಗೆ ಅತ್ತೂರಿನ ಇಗರ್ಜಿಯ (ಚರ್ಚಿನ) ಬಗ್ಗೆ ಹೇಳಿದರಂತೆ. ಮಗು ಉಳಿದರೆ ಮನೆಮಂದಿಯನ್ನೆಲ್ಲ ಕರೆತಂದು ಮೇಣದ ಬತ್ತಿ ಹಚ್ಚುತ್ತೇನೆ ಎಂದು ಅಪ್ಪ ಹರಕೆ ಹೇಳಿಕೊಂಡರು. ತಮ್ಮ ಗುಣವಾದ. ಅಪ್ಪ ಒಬ್ಬರೇ ಹೋಗಿ ಕೈಮುಗಿದು ಬಂದರು. ಮನೆಮಂದಿಯೆಲ್ಲ ಒಟ್ಟಿಗೆ ಹೋಗುವುದು ಮಾತ್ರ ರಜೆ ಸಿಗದೆ, ಕೆಲವೊಮ್ಮೆ ದುಡ್ಡು ಹೊಂದದೆ ಮುಂದಕ್ಕೆ ಹೋಗುತ್ತಲೇ ಇತ್ತು. ಕಳೆದ ಮಳೆಗಾಲದಲ್ಲಿ ಅಪ್ಪ ತೀರಿಕೊಂಡರು.

ಈಗ ಅಮ್ಮ ಒಂದೇ ಪಟ್ಟು ಹಿಡಿದಿದ್ದಾರೆ, ಈ ಜನವರಿಯಲ್ಲಿ ಹೋಗಲೇಬೇಕು ಎಂದು. ನಾವು ಹಿಂದೂಗಳು. ಚರ್ಚಿನ ಒಳಗೆ ಹೇಗೆ ನಡೆದುಕೊಳ್ಳಬೇಕೆಂದು ಗೊತ್ತಿಲ್ಲ. ಹರಕೆ ಹೇಳಿದವರೇ ಇಲ್ಲದಿರುವಾಗ ಹೆಂಡತಿ ಮಕ್ಕಳು ಅದನ್ನು ತೀರಿಸಬಹುದೇ? ಸಂತ ಲಾರೆನ್ಸರ ಹಬ್ಬ ಆಗಸ್ಟ್ 10 ಎಂದು ಎಲ್ಲೋ ಓದಿದೆ. ಹಾಗಾದರೆ ಜನವರಿಯಲ್ಲಿ ನಡೆಯುವುದು ಏನು? ಅಮ್ಮನಿಗೆ ಮಂಡಿನೋವು, ಹೆಚ್ಚು ಹೊತ್ತು ನಿಲ್ಲಲಾರರು. ಇನ್ನೊಂದು ಮಾತು ಕೇಳಲು ಸಂಕೋಚ, ಆದರೂ ಕೇಳುತ್ತೇನೆ: ನಮ್ಮಂಥವರು ಸಾವಿರ ಸಾವಿರ ಸಂಖ್ಯೆಯಲ್ಲಿ ಬಂದು ತುಂಬಿಕೊಂಡರೆ ಆ ಊರಿನ ಕ್ರೈಸ್ತರಿಗೆ ಏನನ್ನಿಸುತ್ತದೆ?

ಅತ್ತೂರಿನ ಸೊಸೆ ಉತ್ತರಿಸುತ್ತಾರೆ:

ಕಡೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಉಳಿದದ್ದಕ್ಕೆಲ್ಲ ಅದೇ ಬುಡ. ನಾನು ಮದುವೆಯಾಗಿ ಈ ಧರ್ಮಕೇಂದ್ರಕ್ಕೆ, ಅಂದರೆ ಈ ಇಗರ್ಜಿಗೆ ಸೇರಿದ ಊರಿಗೆ, ಬಂದವಳು. ಹಬ್ಬದ ದಿನಗಳಲ್ಲಿ ಮೇಣದ ಬತ್ತಿ ಉರಿಸುವ ಜಾಗದಲ್ಲಿ ಸ್ವಯಂಸೇವಕಿಯಾಗಿ ನಿಲ್ಲುತ್ತೇನೆ. ಅಲ್ಲಿ ನಿಂತವರಿಗೆ ಯಾರು ಕ್ರೈಸ್ತರು, ಯಾರು ಅಲ್ಲ ಎಂದು ನೋಡುವ ವ್ಯವಧಾನವೇ ಇರುವುದಿಲ್ಲ. ಕೊಂಕಣಿಯಲ್ಲಿ ಪ್ರಾರ್ಥಿಸುವವರ ಪಕ್ಕದಲ್ಲಿ ತುಳುವಿನಲ್ಲಿ ಬೇಡಿಕೊಳ್ಳುವವರು, ಅವರ ಹಿಂದೆ ಕನ್ನಡದವರು. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ತಂದೆ, ಕೈಯಲ್ಲಿ ಆಸ್ಪತ್ರೆಯ ಚೀಟಿಯನ್ನೇ ಹಿಡಿದುಕೊಂಡು ಬಂದ ಹೆಂಗಸು. ಇವರಲ್ಲಿ ಯಾರನ್ನು ಹೊರಗಿನವರು ಎನ್ನಲಿ? ನಿಮ್ಮ ಅಪ್ಪನಂಥವರು ಬರದೇ ಹೋದರೆ ಅತ್ತೂರಿನ ಹಬ್ಬ ಅತ್ತೂರಿನ ಹಬ್ಬವೇ ಅಲ್ಲ. ಇದು ಉಪಚಾರದ ಮಾತಲ್ಲ. ಏಕೆ ಎಂದು ಹೇಳಬೇಕಾದರೆ ಲಾರೆನ್ಸರು ಯಾರು ಎಂಬುದನ್ನು ಹೇಳಬೇಕು.

ಅವರು ರೋಮಿನ ಕ್ರೈಸ್ತ ಸಭೆಯ ಡೀಕನ್, ಅಂದರೆ ಗುರುಗಳಿಗಿಂತ ಕೆಳಗಿನ ಸೇವಾ ಪದವಿಯವರು. ಪೂಜೆಯ ಜೊತೆಗೆ ಸಭೆಯ ಹಣದ ಉಸ್ತುವಾರಿ ಮತ್ತು ಬಡವರಿಗೆ ಅದನ್ನು ಹಂಚುವ ಹೊಣೆ ಅವರದು. 258ರಲ್ಲಿ ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ ಕ್ರೈಸ್ತರ ಹಿಂಸೆ ನಡೆದಾಗ ಪೋಪ್ ಎರಡನೇ ಸಿಕ್ಸ್ಟಸ್ ಅವರನ್ನು ಆಗಸ್ಟ್ 6ರಂದು ಕೊಂದರು. ಆಮೇಲೆ ರೋಮಿನ ಅಧಿಕಾರಿ ಲಾರೆನ್ಸರನ್ನು ಕರೆಸಿ, ನಿಮ್ಮ ಸಭೆಯ ಸಂಪತ್ತನ್ನೆಲ್ಲ ತಂದೊಪ್ಪಿಸು ಎಂದನಂತೆ. ಲಾರೆನ್ಸರು ಮೂರು ದಿನ ಕಾಲಾವಕಾಶ ಕೇಳಿ, ಇದ್ದದ್ದನ್ನೆಲ್ಲ ಹಂಚಿಬಿಟ್ಟು, ಊರಿನ ಕುಂಟರನ್ನು, ಕುರುಡರನ್ನು, ವಿಧವೆಯರನ್ನು, ತುತ್ತಿಗೆ ಗತಿಯಿಲ್ಲದವರನ್ನು ಸಾಲಾಗಿ ನಿಲ್ಲಿಸಿ, ಇವರೇ ನಮ್ಮ ಸಂಪತ್ತು ಎಂದರು. ಆಗಸ್ಟ್ 10ರಂದು ಅವರನ್ನು ಕಬ್ಬಿಣದ ಕಂಬಿಗಳ ಮೇಲೆ ಸುಟ್ಟು ಕೊಂದರು ಎಂಬುದು ಪರಂಪರೆಯಿಂದ ಬಂದ ಕಥೆ. ಪ್ರತಿಮೆಯ ಕೈಯಲ್ಲಿ ಕಬ್ಬಿಣದ ಜಾಲರಿ ಇರುವುದನ್ನು ನೀವು ನೋಡುತ್ತೀರಿ, ಅದು ಇದೇ.

ಈಗ ಹೇಳಿ, ಇಂಥವರನ್ನು ಪಾಲಕ ಸಂತನೆಂದು ಇಟ್ಟುಕೊಂಡ ಊರಿನವರು ನೊಂದು ಬಂದವರ ಜಾತಿ ಧರ್ಮ ಕೇಳಿದರೆ ಅವರ ಹಬ್ಬಕ್ಕೆ ಏನು ಅರ್ಥ ಉಳಿಯುತ್ತದೆ? ಸರತಿಯಲ್ಲಿ ನಿಲ್ಲುವ ನಿಮ್ಮ ಅಮ್ಮನೇ ಅತ್ತೂರಿನ ಸಂಪತ್ತು. ನಾನು ಇದನ್ನು ನಂಬುತ್ತೇನೆ, ನಮ್ಮ ಮಕ್ಕಳಿಗೂ ಹೀಗೆಯೇ ಹೇಳಿಕೊಟ್ಟಿದ್ದೇನೆ.

ಜನವರಿ ಏಕೆ ಎಂದಿರಿ. ಆಗಸ್ಟ್ ಹತ್ತಕ್ಕೆ ನಮ್ಮಲ್ಲಿ ಮಳೆ ಹೇಗಿರುತ್ತದೆ ಎಂದು ಆಗುಂಬೆಯ ಪಕ್ಕದವರಿಗೆ ನಾನು ವಿವರಿಸಬೇಕಿಲ್ಲ. ಹಿಂದೆ ದೂರದೂರಿನಿಂದ ಜನ ನಡೆದು, ಗಾಡಿ ಕಟ್ಟಿಕೊಂಡು ಬರಬೇಕಾಗಿದ್ದ ಕಾಲದಲ್ಲಿ ಅದು ಆಗುವ ಮಾತೇ ಅಲ್ಲ. ಕರಾವಳಿಯ ಹೆಚ್ಚಿನ ಇಗರ್ಜಿಗಳು ವಾರ್ಷಿಕ ಹಬ್ಬವನ್ನು ಮಳೆ ನಿಂತು ಕೊಯ್ಲು ಮುಗಿದ ಮೇಲೆ, ನವೆಂಬರಿನಿಂದ ಫೆಬ್ರವರಿಯ ಒಳಗೆ ಇಟ್ಟುಕೊಳ್ಳುತ್ತವೆ. ಅತ್ತೂರಿನದು ಜನವರಿಯ ಕೊನೆಯ ಭಾಗದಲ್ಲಿ ಭಾನುವಾರ ಶುರುವಾಗಿ ಗುರುವಾರದವರೆಗೆ ಐದು ದಿನ. ಸುತ್ತಲಿನವರು ಇದನ್ನೇ ಸಾಂತ್ ಮಾರಿ ಎನ್ನುತ್ತಾರೆ, ಅತ್ತೂರು ಜಾತ್ರೆ ಎಂದೂ ಎನ್ನುತ್ತಾರೆ. ಆಗಸ್ಟಿನಲ್ಲಿ ಒಂಬತ್ತು ದಿನಗಳ ನವೇನಾ ಪ್ರಾರ್ಥನೆಯ ನಂತರ ಹತ್ತನೆಯ ತಾರೀಖಿಗೆ ಸಂತರ ದಿನವನ್ನೂ ಆಚರಿಸುತ್ತೇವೆ. ಅದು ಹೆಚ್ಚಾಗಿ ಊರಿನವರದು. ಛತ್ರಿ ಮಡಚಿ ಬಾಗಿಲಲ್ಲಿ ಒರಗಿಸಿ ಒಳಗೆ ಹೋದರೆ ಪರಿಚಿತ ಮುಖಗಳೇ ಇರುತ್ತವೆ. ನನಗೆ ಅದೂ ಬಹಳ ಪ್ರಿಯ.

ಈ ಇಗರ್ಜಿಯ ಕಥೆಯನ್ನೂ ಅಮ್ಮನಿಗೆ ಹೇಳಿ. ಇಲ್ಲಿನ ಕ್ರೈಸ್ತ ಸಮುದಾಯದ ಮೊದಲ ಇಗರ್ಜಿ 1759ರದು. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದಾಗ ಈ ಊರಿನವರೂ ಹೋದರು, ಇಗರ್ಜಿಯೂ ನಾಶವಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ತಿರುಗಿ ಬಂದು ಮತ್ತೆ ಕಟ್ಟಿಕೊಂಡರು. ಅದೂ ಶಿಥಿಲವಾಗಿ, 1839ರ ಸುಮಾರಿಗೆ ಹೊಸ ಜಾಗ ಹುಡುಕುತ್ತಾ ಸಂತ ಲಾರೆನ್ಸರ ಪುಟ್ಟ ಮರದ ಪ್ರತಿಮೆಯನ್ನು ಹೊತ್ತು ಹೊರಟವರು ಪರ್ಪಲೆ ಗುಡ್ಡದ ಬುಡದಲ್ಲಿ, ನೀರಿನ ಒರತೆಯ ಬಳಿ, ದಣಿವಾರಿಸಿಕೊಳ್ಳಲು ಕುಳಿತರು. ಏಳುವ ಹೊತ್ತಿಗೆ ಪ್ರತಿಮೆ ನೆಲದಿಂದ ಮೇಲೇಳಲಿಲ್ಲ. ಇಲ್ಲೇ ಇಗರ್ಜಿ ಕಟ್ಟುತ್ತೇವೆ ಎಂದು ಮಾತು ಕೊಟ್ಟ ಮೇಲೆ ಸುಲಭವಾಗಿ ಕೈಗೆ ಬಂತು. ನಮ್ಮ ಹಿರಿಯರು ಹೀಗೆ ಹೇಳಿಕೊಂಡು ಬಂದಿದ್ದಾರೆ. ಆ ನೀರಿನ ಜಾಗ ಈಗ ಪುಷ್ಕರಿಣಿ. ಬಂದವರು ಅಲ್ಲಿಂದ ಬಾಟಲಿಯಲ್ಲಿ ನೀರು ತುಂಬಿಸಿಕೊಂಡು ಹೋಗುತ್ತಾರೆ, ನೀವೂ ಒಂದು ಖಾಲಿ ಬಾಟಲಿ ತನ್ನಿ. 2016ರ ಏಪ್ರಿಲ್‌ನಲ್ಲಿ ಪೋಪ್ ಫ್ರಾನ್ಸಿಸರು ಈ ಇಗರ್ಜಿಗೆ ಕಿರಿಯ ಬೆಸಿಲಿಕದ ಪದವಿ, ಅಂದರೆ ಮಹತ್ವದ ಇಗರ್ಜಿಗಳಿಗೆ ಸಲ್ಲುವ ವಿಶೇಷ ಗೌರವ, ಕೊಟ್ಟರು. ಆಗಸ್ಟ್ 1ರಂದು ಘೋಷಣೆಯ ಸಮಾರಂಭ ನಡೆಯಿತು. ಬೆಂಗಳೂರು ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕದ ನಂತರ ರಾಜ್ಯದಲ್ಲಿ ಇದು ಎರಡನೆಯದು.

ಹರಕೆಯ ವಿಷಯ. ಅಪ್ಪ ಇಲ್ಲದಿದ್ದರೂ ನೀವು ಖಂಡಿತ ತೀರಿಸಬಹುದು. ಬತ್ತಿ ಹಚ್ಚುವಾಗ ಅವರ ಹೆಸರನ್ನು ಮನಸ್ಸಿನಲ್ಲಿ ನೆನೆದರೆ ಸಾಕು. ಅವರಿಗಾಗಿ ಬಲಿಪೂಜೆಯಲ್ಲಿ (ಗುರುಗಳು ನಡೆಸುವ ಮಾಸ್‌ನಲ್ಲಿ) ಪ್ರಾರ್ಥನೆ ಮಾಡಿಸಬೇಕೆಂದಿದ್ದರೆ ಕಚೇರಿಯಲ್ಲಿ ಕೇಳಿ, ಬರೆದುಕೊಳ್ಳುತ್ತಾರೆ. ನನ್ನದೊಂದು ಬೇಡಿಕೆ ಇದೆ, ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಕಟ್ಟುಗಟ್ಟಲೆ ಮೇಣದ ಬತ್ತಿ ಕೊಳ್ಳಬೇಡಿ. ಜಾಗ ಸಾಲದೆ ಅರ್ಧ ಉರಿದದ್ದನ್ನು ನಾವೇ ಆರಿಸಿ ತೆಗೆಯಬೇಕಾಗುತ್ತದೆ. ಸಂಜೆಯ ಹೊತ್ತಿಗೆ ಕರಗಿದ ಮೇಣ ಗಟ್ಟಿಯಾಗಿ ಬಿದ್ದಿರುತ್ತದೆ, ಅದನ್ನು ಕೆರೆದು ತೆಗೆದು ಕೈಗೆ ಬೊಬ್ಬೆ ಬಂದ ಹುಡುಗರನ್ನು ನಾನು ನೋಡಿದ್ದೇನೆ. ಒಬ್ಬೊಬ್ಬರಿಗೆ ಒಂದೊಂದು ಬತ್ತಿ ಸಾಕು. ಉಳಿದ ದುಡ್ಡಿನಲ್ಲಿ ನಿಮ್ಮ ಊರಿನಲ್ಲೇ ಒಬ್ಬ ರೋಗಿಗೆ ಔಷಧಿ ಕೊಡಿಸಿ. ಬಡವರೇ ಸಂಪತ್ತು ಎಂದವರಿಗೆ ಅದಕ್ಕಿಂತ ದೊಡ್ಡ ಕಾಣಿಕೆ ಯಾವುದಿದೆ?

ಒಳಗೆ ಬಲಿಪೂಜೆ ನಡೆಯುತ್ತಿದ್ದರೆ ಧಾರಾಳವಾಗಿ ಕುಳಿತುಕೊಳ್ಳಿ. ಎಲ್ಲರೂ ಎದ್ದಾಗ ಎದ್ದರೆ ಸಾಕು, ಅಮ್ಮನಿಗೆ ಮಂಡಿಯೂರುವ ಅಗತ್ಯವಿಲ್ಲ. ಪರಮ ಪ್ರಸಾದವನ್ನು, ಅಂದರೆ ಕ್ರಿಸ್ತರ ಶರೀರವೆಂದು ನಾವು ನಂಬುವ ರೊಟ್ಟಿಯನ್ನು, ದೀಕ್ಷಾಸ್ನಾನ ಪಡೆದು ಸಿದ್ಧರಾದ ಕಥೋಲಿಕರು ಮಾತ್ರ ಸ್ವೀಕರಿಸುತ್ತಾರೆ, ಆ ಹೊತ್ತಿಗೆ ನಿಮ್ಮ ಜಾಗದಲ್ಲೇ ಇರಿ. ಇದು ನಿಮ್ಮನ್ನು ದೂರ ಇಡುವುದಕ್ಕಾಗಿ ಅಲ್ಲ, ನಮ್ಮ ನಂಬಿಕೆಯ ಹೃದಯ ಅದು, ಅದಕ್ಕೊಂದು ಕ್ರಮವಿದೆ. ಪೂಜೆ ಮುಗಿದ ಮೇಲೆ ಗುರುಗಳ ಬಳಿ ಹೋಗಿ ತಲೆಬಾಗಿದರೆ ಆಶೀರ್ವದಿಸುತ್ತಾರೆ. ನಿಮ್ಮ ತಮ್ಮನನ್ನು ಮುಂದೆ ಬಿಡಿ.

ಬೆಳ್ಮಣ್ಣಿನವ ಬರೆಯುತ್ತಾರೆ:

ನಾನೂ ಕ್ರೈಸ್ತ, ಚಿಕ್ಕಂದಿನಿಂದ ಅತ್ತೂರಿಗೆ ಹೋಗುತ್ತಿದ್ದೇನೆ. ಸೊಸೆಯಮ್ಮ ಹೇಳಿದ್ದೆಲ್ಲ ಸರಿ. ಆದರೆ ಜನವರಿಯ ಆ ಐದು ದಿನ ನನಗೆ ಪ್ರಾರ್ಥನೆಯೇ ಆಗುವುದಿಲ್ಲ. ದೂಪದಕಟ್ಟೆಯಿಂದಲೇ ವಾಹನಗಳ ಸಾಲು. ದಾರಿಯ ಎರಡೂ ಕಡೆ ಬಳೆ, ಆಟಿಕೆ, ಐಸ್‌ಕ್ರೀಮ್, ಧ್ವನಿವರ್ಧಕ. ಅಲ್ಲಿ ಕಿವಿ ತುಂಬಿಕೊಂಡು ಬಂದವರು ಇಗರ್ಜಿಯ ಒಳಗೆ ಮೌನವಾಗಿ ಕೂರುವುದು ಹೇಗೆ? ಹರಕೆ ತೀರಿಸುವ ಮನಸ್ಸಿದ್ದರೆ ಹಬ್ಬ ಕಳೆದು ಒಂದು ಸಾಧಾರಣ ದಿನ ಬನ್ನಿ. ಪ್ರತಿಮೆಯ ಮುಂದೆ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಮಂಡಿನೋವಿನ ತಾಯಿಗೂ ಅದೇ ಒಳ್ಳೆಯದು.

ಬೆಂಡು ಬತ್ತಾಸು ಉತ್ತರಿಸುತ್ತಾರೆ:

ಅಣ್ಣಾ, ಆ ಅಂಗಡಿಗಳಲ್ಲಿ ಒಂದು ನಮ್ಮದು. ಮನೆಮಾತು ತುಳು, ನಾವು ಕ್ರೈಸ್ತರಲ್ಲ. ನನ್ನ ತಂದೆಯ ಕಾಲದಿಂದ ಅತ್ತೂರಿಗೆ ಮಿಠಾಯಿ ತರುತ್ತೇವೆ. ನಮಗೆ ಜಾತ್ರೆಗಳ ವರ್ಷವೆಂದರೆ ದೇವಸ್ಥಾನದ ತೇರು, ದರ್ಗಾದ ಉರೂಸ್, ಅತ್ತೂರು ಎಲ್ಲವೂ ಸೇರಿ ಒಂದೇ. ಧ್ವನಿವರ್ಧಕದ ವಿಷಯದಲ್ಲಿ ನೀವು ಹೇಳಿದ್ದನ್ನು ಒಪ್ಪುತ್ತೇನೆ, ಪೂಜೆಯ ಹೊತ್ತಿನಲ್ಲಿ ಅದು ಬೇಡವೇ ಬೇಡ. ಆದರೆ ಅಂಗಡಿ ಹಾಕುವ ನಾವು ದುಡ್ಡಿಗಾಗಿ ಮಾತ್ರ ಬರುತ್ತೇವೆ ಎಂದುಕೊಳ್ಳಬೇಡಿ. ಮೊದಲ ದಿನ ಬೆಳಗ್ಗೆ ಅಂಗಡಿ ತೆರೆಯುವ ಮುಂಚೆ ನಮ್ಮ ಮನೆಯವರು ಒಳಗೆ ಹೋಗಿ ಬತ್ತಿ ಹಚ್ಚಿ ಬಂದ ಮೇಲೆಯೇ ತಕ್ಕಡಿ ಕೈಗೆ ಎತ್ತಿಕೊಳ್ಳುವುದು.

ಹರಕೆ ತೀರಿಸಿ ಹೊರಬಂದವರ ಮುಖವನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಒಳಗೆ ಅತ್ತು ಬಂದವರು ಮಗುವಿನ ಕೈಗೆ ಬತ್ತಾಸಿನ ಪೊಟ್ಟಣ ಕೊಡಿಸುತ್ತಾರೆ. ಊರಿಗೆ ಹೋಗಿ ನೆರೆಮನೆಯವರಿಗೆ ಹಂಚಲು ಇನ್ನೆರಡು ಕಟ್ಟಿಸಿಕೊಳ್ಳುತ್ತಾರೆ. ಅದೂ ಹಬ್ಬವೇ ಅಲ್ಲವೇ?

ಮಲೆನಾಡಿನ ಅಕ್ಕನವರೇ, ಜನವರಿಯಲ್ಲೇ ಬನ್ನಿ. ಮಧ್ಯಾಹ್ನ ಊಟದ ಹೊತ್ತು ಮುಗಿದ ಮೇಲೆ ಸ್ವಲ್ಪ ಖಾಲಿ ಇರುತ್ತದೆ. ಬಿಸಿಲು ಜೋರು, ಅಮ್ಮನಿಗೆ ಛತ್ರಿ ಇರಲಿ. ಸಂಜೆ ದೀಪ ಹತ್ತಿದ ಮೇಲೆ ಜನ ನುಗ್ಗುತ್ತಾರೆ. ಕಾರ್ಕಳ ನಿಲ್ದಾಣದಲ್ಲಿ ಇಳಿದರೆ ಬಸ್ಸು, ರಿಕ್ಷಾ ಎರಡೂ ಸಿಗುತ್ತವೆ. ಸ್ವಂತ ಕಾರು ತಂದರೆ ದೂರ ನಿಲ್ಲಿಸಿ ನಡೆಯಬೇಕು, ಅದಕ್ಕಿಂತ ರಿಕ್ಷಾ ವಾಸಿ.

ಅತ್ತೂರಿನ ಸೊಸೆ ಉತ್ತರಿಸುತ್ತಾರೆ:

ಬೆಳ್ಮಣ್ಣಿನವರೇ, ಮೌನ ಬೇಕು ಎನ್ನುವ ನಿಮ್ಮ ಆಸೆಯನ್ನು ಗೌರವಿಸುತ್ತೇನೆ. ಆದರೆ ಈ ತಾಯಿಗೆ ಸಾಧಾರಣ ದಿನ ಬನ್ನಿ ಎಂದು ಹೇಳಬೇಡಿ. ಅವರ ಯಜಮಾನರು ಹರಕೆ ಹೇಳಿದ್ದು ಮನೆಮಂದಿಯ ಜೊತೆಗೆ ಬರುತ್ತೇನೆ ಎಂದು, ಹಬ್ಬಕ್ಕೆ ಬರಬೇಕೆಂಬುದು ಆ ತಾಯಿಯ ಹಂಬಲ. ನೋವಿನ ಮಾತು ಮೌನದಲ್ಲಿ ಮಾತ್ರ ದೇವರಿಗೆ ಕೇಳಿಸುತ್ತದೆ ಎಂದು ನಾನು ಒಪ್ಪುವುದಿಲ್ಲ. ನೂಕುನುಗ್ಗಲಿನ ನಡುವೆ, ಎದುರಿಗಿರುವವರ ಬೆನ್ನು ಬಿಟ್ಟರೆ ಏನೂ ಕಾಣದೆ, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತವರನ್ನು ನಾನು ಬತ್ತಿಯ ಜಾಗದಿಂದ ನೋಡಿದ್ದೇನೆ. ಅವರ ಪಕ್ಕದಲ್ಲಿ ಅಂಥದೇ ದುಃಖದ ಇನ್ನೊಬ್ಬರು ಇರುತ್ತಾರೆ. ಯಾರೂ ಯಾರನ್ನೂ ಕೇಳುವುದಿಲ್ಲ, ಆದರೂ ಒಬ್ಬರ ಬತ್ತಿಯಿಂದ ಇನ್ನೊಬ್ಬರು ಹಚ್ಚಿಕೊಳ್ಳುತ್ತಾರೆ. ಖಾಲಿ ಇಗರ್ಜಿಯಲ್ಲಿ ಆ ತಾಯಿ ಒಬ್ಬಂಟಿಯಾಗಿರುತ್ತಾರೆ.

ಇನ್ನೊಂದು ಮಾತು. ಹೊರಗಿನಿಂದ ನೋಡುವವರಿಗೆ ಐದು ದಿನದ ಜಾತ್ರೆ ಕಾಣುತ್ತದೆ. ಅದರ ಹಿಂದಿನ ತಿಂಗಳುಗಳು ಕಾಣುವುದಿಲ್ಲ. ನಮ್ಮ ಧರ್ಮಕೇಂದ್ರವನ್ನು ವಾಡೆಗಳಾಗಿ (ಕೇರಿಗಳಾಗಿ) ವಿಂಗಡಿಸಿದ್ದಾರೆ, ಪ್ರತಿ ವಾಡೆಗೂ ಮುಂದಾಳಾಗಿ ಒಬ್ಬರು ಗುರ್ಕಾರರು. ಕ್ರಿಸ್ಮಸ್ ಮುಗಿದು ಗೋದಲಿ ತೆಗೆಯುವುದರೊಳಗೆ ಮನೆ ಮನೆಗೆ ಕರೆ ಬರುತ್ತದೆ: ಯಾರು ಹುಲ್ಲು ಸವರುವುದು, ಯಾರು ನೀರಿನ ಡ್ರಮ್ಮು ತುಂಬಿಸುವುದು, ಯಾರು ವಾಹನ ನಿಲ್ಲಿಸುವ ಬಯಲಿನಲ್ಲಿ ನಿಲ್ಲುವುದು. ಕೊಂಕಣಿ ಗಾಯನದ ತಂಡ ರಾತ್ರಿ ಊಟ ಮುಗಿಸಿ ಅಭ್ಯಾಸಕ್ಕೆ ಕೂರುತ್ತದೆ. ಹಬ್ಬಕ್ಕೆ ಮುಂಚೆ ಭ್ರಾತೃತ್ವದ ಭಾನುವಾರ ಪರಮ ಪ್ರಸಾದದ ಮೆರವಣಿಗೆ. ಊರಿನವರೆಲ್ಲ ಒಟ್ಟಾಗಿ ರಸ್ತೆಯಲ್ಲಿ ನಡೆಯುವಾಗ ವರ್ಷವೆಲ್ಲ ಮಾತು ಬಿಟ್ಟ ಅಣ್ಣ ತಮ್ಮಂದಿರೂ ಒಂದೇ ಸಾಲಿನಲ್ಲಿ ಬರಬೇಕಾಗುತ್ತದೆ. ನಮ್ಮ ವಾಡೆಯಲ್ಲಿ ಬೇಲಿಯ ಜಗಳದಿಂದ ಮುಖ ನೋಡದಿದ್ದ ಎರಡು ಮನೆಯವರಿಗೆ ಗುರ್ಕಾರರು ಒಂದು ವರ್ಷ ಒಂದೇ ಕೆಲಸ ಹಂಚಿದರು, ಕುಡಿಯುವ ನೀರಿನ ಉಸ್ತುವಾರಿ. ಐದು ದಿನ ಒಟ್ಟಿಗೆ ಕೊಡ ಎತ್ತಿದರು. ಈಗ ಮಕ್ಕಳ ಮದುವೆಗೆ ಹೋಗಿ ಬರುವಷ್ಟಾಗಿದ್ದಾರೆ. ನನ್ನ ಲೆಕ್ಕದಲ್ಲಿ ಇದೂ ಸಂತ ಲಾರೆನ್ಸರ ಪವಾಡಗಳ ಪೈಕಿ ಒಂದು.

ಮನೆಗಳ ಬಾಗಿಲೂ ಆ ದಿನಗಳಲ್ಲಿ ತೆರೆದೇ ಇರುತ್ತದೆ. ನನ್ನ ಅತ್ತೆ ಹಿಂದಿನ ರಾತ್ರಿಯೇ ಸಣ್ಣಾಂ (ಇಡ್ಲಿಯಂಥ ತಿಂಡಿ) ಹಿಟ್ಟು ಉಬ್ಬಲು ಇಡುತ್ತಾರೆ. ಮಾಂಸ ತಿನ್ನದವರು ಬಂದರೆಂದು ಬೇರೆ ಪಾತ್ರೆಯಲ್ಲಿ ಕಡಲೆ ಗಸಿ ಮಾಡುತ್ತಾರೆ. ಬಂದವರು ನೆಂಟರೋ ದಾರಿಹೋಕರೋ ಎಂದು ಅವರು ಕೇಳಿದ್ದನ್ನು ನಾನು ನೋಡಿಲ್ಲ.

ಕೆ.ಆರ್. ನಗರದ ಓದುಗ ಬರೆಯುತ್ತಾರೆ:

ನಮ್ಮ ಕಡೆ ಡೋರನಹಳ್ಳಿಯಲ್ಲಿ ಪಾದುವಾದ ಸಂತ ಅಂತೋಣಿಯವರ ಹಬ್ಬ ಜೂನ್ 13ರಂದೇ ನಡೆಯುತ್ತದೆ, ಮಳೆಗಾಲದ ಮೋಡವಿದ್ದರೂ ತಾರೀಖು ಬದಲಾಗುವುದಿಲ್ಲ. ನಮ್ಮ ಬಯಲು ಸೀಮೆಯ ಮಳೆಗೆ ಅಷ್ಟು ಜೋರಿಲ್ಲದಿರುವುದೇ ಕಾರಣವಿರಬೇಕು. ಅಲ್ಲಿಯೂ ಕಥೆ ಮರದ ಪ್ರತಿಮೆಯಿಂದಲೇ ಶುರುವಾಗುತ್ತದೆ. ಹೊಲ ಉಳುವ ರೈತನಿಗೆ ನೇಗಿಲಿಗೆ ತಗುಲಿ ಸಿಕ್ಕ ಗೊಂಬೆ, ಆಟವಾಡಲು ಮಕ್ಕಳ ಕೈಗೆ ಕೊಟ್ಟದ್ದು, ಆಮೇಲೆ ಕನಸಿನಲ್ಲಿ ಸಂತರು ಕಾಣಿಸಿಕೊಂಡದ್ದು. ಅದು 2019ರಲ್ಲಿ ಬೆಸಿಲಿಕವಾಯಿತು.

ನಾವು ಕನ್ನಡ ಕ್ರೈಸ್ತರು. ಪೂಜೆ, ಹಾಡು, ಜಗಳ, ಸಮಾಧಾನ ಎಲ್ಲವೂ ಕನ್ನಡದಲ್ಲೇ. ಅತ್ತೂರಿಗೆ ಮೊದಲ ಸಲ ಹೋದಾಗ ಕೊಂಕಣಿ ಪೂಜೆಯಲ್ಲಿ ಒಂದು ಪದವೂ ತಿಳಿಯದೆ ಕುಳಿತಿದ್ದೆ. ಆಮೇಲೆ ಕನ್ನಡದ ಬಲಿಪೂಜೆಯೂ ಇದೆ ಎಂದು ಪಕ್ಕದವರು ತಿಳಿಸಿದರು. ಪ್ರಶ್ನೆ ಕೇಳಿದವರು ಅದರ ಸಮಯ ನೋಡಿಕೊಂಡು ಹೋದರೆ ಅವರ ಅಮ್ಮನಿಗೆ ಪ್ರವಚನವಾದರೂ ತಿಳಿಯುತ್ತದೆ.

ಮಲೆನಾಡಿನ ಮಗಳು ಉತ್ತರಿಸುತ್ತಾರೆ:

ಎಲ್ಲರ ಉತ್ತರಗಳನ್ನೂ ಅಮ್ಮನಿಗೆ ಓದಿ ಹೇಳಿದೆ. ಕುಂಟರನ್ನೂ ಕುರುಡರನ್ನೂ ಸಾಲಾಗಿ ನಿಲ್ಲಿಸಿದ ಕಥೆಯನ್ನು ಎರಡನೆಯ ಸಲ ಓದಿಸಿದರು. ಅಪ್ಪ ಬಸ್ಸಿನಲ್ಲಿ ಟಿಕೆಟಿಗೆ ಕಾಸಿಲ್ಲದ ಮುದುಕರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಳ್ಳುತ್ತಿದ್ದರಂತೆ, ಕಂಡಕ್ಟರ್ ಬೈದರೆ ತಮ್ಮ ಸಂಬಳದಲ್ಲಿ ಹಿಡಿಯಿರಿ ಎನ್ನುತ್ತಿದ್ದರಂತೆ. ಇದು ನನಗೆ ಇಷ್ಟು ದಿನ ಗೊತ್ತೇ ಇರಲಿಲ್ಲ, ಅಮ್ಮ ನಿನ್ನೆ ಹೇಳಿದರು.

ಜನವರಿಯಲ್ಲೇ ಬರುತ್ತೇವೆ. ತಮ್ಮ ಬೆಂಗಳೂರಿನಿಂದ ನೇರವಾಗಿ ಕಾರ್ಕಳಕ್ಕೆ ಬರುತ್ತಾನೆ, ನಾನು ಅಮ್ಮನನ್ನು ಆಗುಂಬೆಯ ದಾರಿಯಲ್ಲಿ ಕರೆತರುತ್ತೇನೆ. ಮನೆಯಲ್ಲಿ ಮೂರೇ ಜನ, ಮೂರು ಬತ್ತಿ. ರೋಗಿಗಳಿಗಾಗಿ ವಿಶೇಷ ಪ್ರಾರ್ಥನೆಯ ದಿನವೊಂದು ಇರುತ್ತದೆ ಎಂದು ಇಲ್ಲಿನ ಒಬ್ಬರು ಹೇಳಿದರು. ಅದು ಯಾವ ದಿನ? ಕುಳಿತುಕೊಳ್ಳಲು ಜಾಗ ಸಿಗುತ್ತದೆಯೇ?

ಅತ್ತೂರಿನ ಸೊಸೆ ಉತ್ತರಿಸುತ್ತಾರೆ:

ಹೌದು, ಐದು ದಿನಗಳಲ್ಲಿ ಒಂದನ್ನು ರೋಗಿಗಳಿಗೆಂದು ಇಡುತ್ತಾರೆ. ಆ ವರ್ಷದ ವೇಳಾಪಟ್ಟಿ ಬಂದ ಮೇಲೆ ದಿನ ಖಚಿತವಾಗುತ್ತದೆ. ಕನ್ನಡ ಬಲಿಪೂಜೆಯ ಸಮಯವೂ ಅದರಲ್ಲೇ ಇರುತ್ತದೆ. ಬಂದ ಕೂಡಲೇ ಇಲ್ಲಿ ಹಾಕುತ್ತೇನೆ. ಅಮ್ಮನ ಕಾಲಿನ ವಿಷಯವನ್ನು ಬಾಗಿಲಲ್ಲಿರುವ ಸ್ವಯಂಸೇವಕರಿಗೆ ಹೇಳಿ, ಪಕ್ಕದ ಬಾಗಿಲಿನಿಂದ ಒಳಗೆ ಬಿಟ್ಟು ಕುರ್ಚಿ ಕೊಡುತ್ತಾರೆ. ಕೊಡದಿದ್ದರೆ ಬತ್ತಿಯ ಜಾಗಕ್ಕೆ ಬಂದು ನನ್ನನ್ನು ಕೇಳಿ. ಊಟಕ್ಕೆ ನಮ್ಮ ಮನೆ ಇದೆ, ಕಡಲೆ ಗಸಿಗೆ ಮೂವರ ಪಾಲು ಸೇರಿಸಿ ಎಂದು ಅತ್ತೆಗೆ ಈಗಲೇ ಹೇಳಿದ್ದೇನೆ.